ಆಯುಧ ಪೂಜೆಯ ನಂತರ ಮುಚ್ಚಿದ ಪೋರ್ಟ್

2019ರಲ್ಲಿ ನಾನು ಹೈದರಾಬಾದಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ನಮ್ಮ ಮೂಲ ಕಲಬುರಗಿಯಾದರೂ ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಮನೆ ಮಿಯಾಪುರದಲ್ಲಿ. ಭಾರಿ ಗಾತ್ರದ ಫೈಲುಗಳನ್ನು ಒಂದು ಆಫೀಸಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗಿಸುವ ಫೈಲ್ ಶೇರಿಂಗ್ ಸಾಫ್ಟ್‌ವೇರ್ ನಮ್ಮದು. ಅದನ್ನು ಗ್ರಾಹಕರಲ್ಲಿ ಅಳವಡಿಸುವುದು, ಕೈಕೊಟ್ಟಾಗ ಸರಿಪಡಿಸುವುದು ನನ್ನ ಕೆಲಸ. ಎಷ್ಟೋ ಪ್ರಕರಣಗಳು ಮರೆತುಹೋಗಿವೆ. ಇದೊಂದು ಮರೆತಿಲ್ಲ, ಮರೆಯುವ ಇಚ್ಛೆಯೂ ನನಗಿಲ್ಲ.

ಗ್ರಾಹಕರು ಸನತ್‌ನಗರದ ಒಂದು ಡ್ರೋನ್ ಸರ್ವೆ ಕಂಪನಿ. ರಸ್ತೆ, ಲೇಔಟುಗಳ ಚಿತ್ರಗಳನ್ನು ಆಕಾಶದಿಂದ ತೆಗೆದು ನಕ್ಷೆ ಮಾಡುವವರು. ಚಿತ್ರಗಳು ಶಂಶಾಬಾದಿನ ಅವರ ಶಾಖೆಗೆ ಬಂದು, ಅಲ್ಲಿಂದ ಸನತ್‌ನಗರಕ್ಕೆ ಹೋಗಬೇಕಿತ್ತು. ಇಂಥ ಸಾಫ್ಟ್‌ವೇರಿಗೆ ಒಂದು ಬಾಗಿಲು ಬೇಕು, ಅದಕ್ಕೆ ಪೋರ್ಟ್ ಎನ್ನುತ್ತೇವೆ. ಹೊರಗಿನಿಂದ ಬಂದವರನ್ನು ಆ ಬಾಗಿಲಿನಿಂದ ಯಾವ ಕಂಪ್ಯೂಟರಿಗೆ ಕಳಿಸಬೇಕೆಂದು ರೌಟರಿಗೆ ಮೊದಲೇ ಹೇಳಿಟ್ಟಿರಬೇಕು. ಶಂಶಾಬಾದಿನ ಇಂಟರ್ನೆಟ್ ಲೈನಿನಲ್ಲಿ ಹಾಗೆ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ಹೀಗಾಗಿ ಸನತ್‌ನಗರದ ಬಾಗಿಲೊಂದೇ ಗತಿ. ಅದು ತೆರೆದಿದ್ದರೆ ಸೆಕೆಂಡಿಗೆ ಒಂಬತ್ತು ಎಂಬಿ ವೇಗ. ಮುಚ್ಚಿದರೆ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ದೂರದ ಮೂರನೆಯ ಕಂಪ್ಯೂಟರಿನ ಮೂಲಕ ಸುತ್ತು ಹಾಕಿಕೊಂಡು ಕುಂಟುತ್ತಾ ಸಾಗುತ್ತದೆ.

ಅಲ್ಲಿನ ಐಟಿ ಮ್ಯಾನೇಜರ್ ಪ್ರಹ್ಲಾದ ಕುಲಕರ್ಣಿ, ಧಾರವಾಡದ ಕಡೆಯವರು. ಮೊದಲ ದಿನ ನನ್ನ ಕನ್ನಡ ಕೇಳಿ ಖುಷಿಪಟ್ಟು ಚಹಾ ತರಿಸಿದರು. ತೆಲುಗು, ಹಿಂದಿಯ ನಡುವೆ ನಮ್ಮ ಮಾತು ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು. ಫೈಲು ಪಡೆಯುವ ಕಂಪ್ಯೂಟರಿನ ವಿಳಾಸದ ಕೊನೆಯ ಅಂಕಿ 20 ಇತ್ತು, ಪೋರ್ಟನ್ನು ಅದಕ್ಕೆ ಜೋಡಿಸಿದೆ. ಈ ವಿಳಾಸವನ್ನು ಬೇರೆ ಯಾವ ಯಂತ್ರಕ್ಕೂ ಕೊಡದಂತೆ ರೌಟರಿನಲ್ಲಿ ಕಾಯ್ದಿರಿಸಿ ಎಂದು ಅವರಿಗೆ ಹೇಳಿದೆ. ರೌಟರಿನ ಪಾಸ್‌ವರ್ಡ್ ಅವರ ಕೈಯಲ್ಲೇ ಇತ್ತು, ನನಗೆ ಬಿಟ್ಟುಕೊಡಲಿಲ್ಲ. ಮಾಡಿದ್ದೇನೆ ಎಂದು ಮಾರನೆಯ ದಿನ ಫೋನಿನಲ್ಲಿ ಹೇಳಿದರು, ಡೈರೆಕ್ಟರ್ ಸುಜಾತಾ ಮೇಡಂಗೂ ಹಾಗೆಯೇ ವರದಿ ಕೊಟ್ಟರು. ನಾನು ನಂಬಿದೆ.

ದಸರಾ ರಜೆ ಮುಗಿದ ಮೇಲೆ ವೇಗ ಎಂಬತ್ತು ಕೆಬಿಗೆ ಇಳಿಯಿತು. ಒಂದು ಸರ್ವೆಯ ಚಿತ್ರಗಳು ಬಂದು ಮುಟ್ಟುವಷ್ಟರಲ್ಲಿ ಇನ್ನೊಂದು ಸರ್ವೆ ಮುಗಿದಿರುತ್ತಿತ್ತು. ನೋಡುತ್ತೇನೆ, ಪಾಸ್‌ವರ್ಡ್ ಕೊಡಿ ಎಂದರೆ ಕುಲಕರ್ಣಿ ನಾಳೆ ನಾಳೆ ಎಂದು ಜಾರಿಕೊಂಡರು. ಕೊನೆಗೆ ಮೇಡಂ ಮೀಟಿಂಗ್ ಕರೆದರು. ಹದಿನೈದು ಮಂದಿಯ ಮುಂದೆ ಕುಲಕರ್ಣಿ ಎದ್ದುನಿಂತು, ಜಗತ್ತಿನಲ್ಲಿ ಸಿನಿಮಾ ಕದಿಯುವವರೆಲ್ಲ ಬಳಸುವುದು ಇಂಥದೇ ಸಾಫ್ಟ್‌ವೇರ್ ಎಂದು ತೆಲುಗಿನಲ್ಲಿ ಶುರು ಮಾಡಿದರು. ಆಮೇಲೆ ನನ್ನತ್ತ ಬೆರಳು ಮಾಡಿ, ಕಂಪನಿಯ ಲೈನಿನಲ್ಲಿ ಸಿನಿಮಾ ಇಳಿಸಿಕೊಳ್ಳುತ್ತಿರುವುದು ಈಕೆಯೇ, ಅದಕ್ಕೇ ವೇಗವಿಲ್ಲ ಎಂದರು. "ಈವಿಡೇ ದೊಂಗ" ಎಂಬ ಮಾತನ್ನು ಎರಡು ಸಲ ಹೇಳಿದರು. ಈಕೆಯೇ ಕಳ್ಳಿ ಎಂದು; ತೆಲುಗಿನಲ್ಲಿ ದೊಂಗ ಎಂದರೆ ಕಳ್ಳ.

ಹದಿನೈದು ಮಂದಿಯಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಸಂಜೆಯೊಳಗೆ ನಮ್ಮ ಕಂಪನಿಗೆ ಮೇಡಂ ಕಡೆಯಿಂದ ಫೋನು ಹೋಯಿತು. ನನ್ನ ಬಾಸ್ ಕರೆದು, ಸನತ್‌ನಗರದ ಕಡೆ ಸುಳಿಯಬೇಡ, ತಿಂಗಳ ಕೊನೆಯೊಳಗೆ ಗ್ರಾಹಕರ ಸಿಟ್ಟು ಇಳಿಯದಿದ್ದರೆ ರಾಜೀನಾಮೆ ಕೊಟ್ಟುಬಿಡು ಎಂದರು. ಪೊಲೀಸ್ ದೂರಿನ ಮಾತೂ ಬಂದಿದೆಯಂತೆ. ಕಳ್ಳತನದ ಆರೋಪ ಹೊತ್ತು ಹೊರಬಿದ್ದವಳಿಗೆ ಯಾವ ಸರ್ವರ್ ರೂಮಿನ ಕೀಲಿ ಯಾರು ಕೊಡುತ್ತಾರೆ? ಅವತ್ತು ಮನೆಗೆ ಬಂದು ಅಳಲಿಲ್ಲ. ಈ ಮನುಷ್ಯನ ನೀರಿಳಿಸದೆ ಬಿಡುವುದಿಲ್ಲ ಎಂದು ಗಂಡನ ಮುಂದೆ ಶಪಥ ಮಾಡಿದೆ. ಕುಲಕರ್ಣಿಯನ್ನು ನೆನೆದರೆ ತನಗೇ ಪಾಪ ಅನಿಸುತ್ತಿದೆ ಎಂದು ಅವರು ನನ್ನನ್ನು ರೇಗಿಸಿದರು.

ಶಂಶಾಬಾದಿಗೆ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲವಲ್ಲ, ಎರಡು ದಿನ ಬಿಟ್ಟು ಅಲ್ಲಿಗೆ ಹೋದೆ. ಅಲ್ಲಿ ಚಿತ್ರಗಳ ವಿಭಾಗ ನೋಡಿಕೊಳ್ಳುವ ಪದ್ಮಜಾ ಮೀಟಿಂಗಿನಲ್ಲೂ ಇದ್ದವಳು, ಮುಜುಗರದಿಂದಲೇ ಒಳಗೆ ಕರೆದಳು. ಮೂಲೆಯ ರೌಟರಿನ ನೆತ್ತಿಯ ಮೇಲೆ ಅರಿಸಿನ, ಕುಂಕುಮದ ಬೊಟ್ಟು ಒಣಗಿ ಕುಳಿತಿತ್ತು, ಆಂಟೆನಾಕ್ಕೆ ಬಾಡಿದ ಚೆಂಡುಹೂವು. ಆಯುಧ ಪೂಜೆಗೆ ಇದರ ಸ್ವಿಚ್ ಆರಿಸಿದ್ದಿರಾ ಎಂದು ಕೇಳಿದೆ. ಕರೆಂಟು ಹರಿಯುವ ಯಂತ್ರದ ಮೇಲೆ ನೀರು ಚಿಮುಕಿಸಲು ಬರುತ್ತದೆಯೇ ಎಂದು ಅವಳು ನಕ್ಕಳು. ಸನತ್‌ನಗರದ ಪೂಜೆಗೂ ಹೋಗಿದ್ದಳಂತೆ. ಅಲ್ಲಿ ವರ್ಷವಿಡೀ ಆರಿಸದ ರೌಟರು, ಕಂಪ್ಯೂಟರು, ಪ್ರಿಂಟರು ಎಲ್ಲವನ್ನೂ ಆರಿಸಿ, ಒರೆಸಿ, ಸಾಲಾಗಿ ಬೊಟ್ಟಿಟ್ಟು, ರಜೆ ಮುಗಿಯುವವರೆಗೆ ಹಾಗೆಯೇ ಬಿಟ್ಟಿದ್ದರು.

ನನಗೆ ಅಲ್ಲೇ ಹೊಳೆಯಿತು. ಅಷ್ಟು ದಿನ ಆರಿದ್ದ ರೌಟರು ಹಳೆಯ ವಿಳಾಸಗಳನ್ನೆಲ್ಲ ಮರೆತು, ಯಾರು ಮೊದಲು ಎದ್ದರೋ ಅವರಿಗೆ ಸಿಕ್ಕ ಅಂಕಿ ಹಂಚುತ್ತದೆ. ಕಾಯ್ದಿರಿಸಿದ ವಿಳಾಸ ಮಾತ್ರ ಬದಲಾಗುವುದಿಲ್ಲ. ಅಂದರೆ ಕುಲಕರ್ಣಿ ಕಾಯ್ದಿರಿಸಿರಲೇ ಇಲ್ಲ. ಮೇಡಂಗೆ ಸುಳ್ಳು ಹೇಳಿದ್ದರು, ಆ ಸುಳ್ಳನ್ನು ನನ್ನ ತಲೆಗೆ ಕಟ್ಟಿದ್ದರು.

ನೇರವಾಗಿ ಮೇಡಂಗೆ ಫೋನು ಮಾಡಿದೆ. ನಿಮ್ಮೆದುರೇ ವೇಗ ಬರಿಸುತ್ತೇನೆ, ಬರದಿದ್ದರೆ ನಾನೇ ಬಂದು ನಿಮ್ಮ ಜೊತೆ ಸ್ಟೇಷನ್ನಿಗೆ ನಡೆಯುತ್ತೇನೆ ಎಂದೆ. ಅವರು ಅದೇ ಹದಿನೈದು ಮಂದಿಯನ್ನು ಮೀಟಿಂಗ್ ಹಾಲಿಗೆ ಕರೆಸುವುದಾಗಿ ಹೇಳಿದರು.

ಮೀಟಿಂಗಿಗೆ ಮುಂಚೆ ಕುಲಕರ್ಣಿ ಮತ್ತು ನಾನು ಸರ್ವರ್ ರೂಮಿಗೆ ಹೋದೆವು. ಮೇಡಂ ಹೇಳಿದ್ದರಿಂದ ಅವರು ವಿಧಿಯಿಲ್ಲದೆ ರೌಟರಿನ ಪುಟ ತೆರೆದರು. 20 ಈಗ ರಿಸೆಪ್ಷನ್ನಿನ ಪ್ರಿಂಟರಿನ ವಿಳಾಸವಾಗಿತ್ತು. ನಮ್ಮ ಕಂಪ್ಯೂಟರು 34ಕ್ಕೆ ಹೋಗಿ ಕುಳಿತಿತ್ತು. ಶಂಶಾಬಾದಿನಿಂದ ಬಂದ ಚಿತ್ರಗಳು ಇಷ್ಟು ದಿನ ಪ್ರಿಂಟರಿನ ಬಾಗಿಲು ಬಡಿದು ವಾಪಸಾಗಿ, ಸುತ್ತುದಾರಿ ಹಿಡಿಯುತ್ತಿದ್ದವು. ಅಂಕಿ ತಿದ್ದಿಸಿ, ನನ್ನ ಮೊಬೈಲಿನ ಇಂಟರ್ನೆಟ್ಟಿನಿಂದ, ಅಂದರೆ ಹೊರಗಿನಿಂದ, ಪೋರ್ಟ್ ಪರೀಕ್ಷಿಸಿದೆ. ಮುಚ್ಚಿದೆ ಎಂದೇ ಬಂತು.

ಫೈರ್‌ವಾಲ್ ತೋರಿಸಿ ಎಂದೆ. ಬಂದವರನ್ನು ತಡೆಯುವ ಕಾವಲು ಅದು. ಅವರು ಮೌಸನ್ನು ಬಿಗಿಯಾಗಿ ಹಿಡಿದು ಕುಳಿತುಬಿಟ್ಟರು. ನಾನೇ ಕಿತ್ತುಕೊಂಡು ತೆರೆದೆ. ನಮ್ಮ ಪೋರ್ಟಿನ ಸಂಖ್ಯೆ ಹಾಕಿ, ಅದೊಂದನ್ನೇ ತಡೆಯುವ ಹೊಸ ನಿಯಮ ಅಲ್ಲಿತ್ತು. ಅದು ತಾನಾಗಿ ಹುಟ್ಟುವಂಥದಲ್ಲ, ಪಾಸ್‌ವರ್ಡ್ ಇದ್ದವರು ಕೈಯಾರೆ ಬರೆಯಬೇಕು.

ಕುಲಕರ್ಣಿ ಕೋಣೆಯ ಬಾಗಿಲು ಮುಚ್ಚಿ ಬಂದು ಎಲ್ಲವನ್ನೂ ಒಪ್ಪಿಕೊಂಡರು. ರಜೆ ಮುಗಿದ ವಾರದಲ್ಲೇ ಅವರಿಗೆ ತಪ್ಪು ಗೊತ್ತಾಗಿತ್ತು. ಸರಿಪಡಿಸಿದರೆ ಏನಾಗಿತ್ತು ಎಂದು ಮೇಡಂ ಕೇಳುತ್ತಾರೆ, ಸುಳ್ಳು ಹೊರಬೀಳುತ್ತದೆ. ಯಾರಾದರೂ ಅಂಕಿ ತಿದ್ದಿದರೂ ವೇಗ ಬರದಂತೆ ಪೋರ್ಟನ್ನೇ ಮುಚ್ಚಿದರೆ ಸಾಫ್ಟ್‌ವೇರ್ ಕೆಟ್ಟದ್ದೆಂದು ಕಿತ್ತೊಗೆಯುತ್ತಾರೆ, ಜೊತೆಗೆ ತಪ್ಪೂ ಹೋಗುತ್ತದೆ. ನನ್ನ ಕೆಲಸ ಹೋಗುವುದು ಅವರ ಲೆಕ್ಕದಲ್ಲಿ ಒಂದು ವಿಷಯವೇ ಆಗಿರಲಿಲ್ಲ.

"ಆಗಿದ್ದು ಆಗಿಹೋತು ರೀ ವೈಜಯಂತಿಬಾಯಿ. ಈಗ ಇದನ್ನ ತೆಗದು ಸ್ಪೀಡ್ ಬಂತು ಅಂತ ಹೇಳಿಬಿಡೂಣು. ನಾವು ನಾವು ಒಂದ ಕಡೀ ಮಂದಿ, ನಮ್ಮೊಳಗ ಇರಲಿ. ತಪ್ಪಾತು, ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದರು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ಹಿತವೇ ಆಯಿತು, ಬೇರೆ ಏನೂ ಆಗಲಿಲ್ಲ.

"ದೊಂಗ ಅಂದದ್ದು ತೆಲುಗಿನ್ಯಾಗ, ಹದಿನೈದು ಮಂದಿ ಮುಂದ" ಎಂದೆ. "ತಪ್ಪಾತು ಅನ್ನೂದು ಮಾತ್ರ ಕನ್ನಡದಾಗ, ಬಾಗಲಾ ಮುಚ್ಚಿಕೊಂಡು ಏನ್ರಿ? ನಡೀರಿ ಹಾಲಿಗೆ."

ನಿಯಮಕ್ಕೆ ನಾನು ಕೈ ಹಚ್ಚಲಿಲ್ಲ. ಹಾಲಿನ ದೊಡ್ಡ ಪರದೆಯ ಮೇಲೆ ಫೈರ್‌ವಾಲಿನ ಪುಟ ಹಾಕಿಸಿ, ಅವರೇ ಎಲ್ಲರೆದುರು ಅದನ್ನು ಅಳಿಸುವಂತೆ ಮಾಡಿದೆ. ಶಂಶಾಬಾದಿನಿಂದ ಬರುತ್ತಿದ್ದ ಫೈಲಿನ ವೇಗ ಎಂಬತ್ತು ಕೆಬಿಯಿಂದ ಒಂಬತ್ತು ಎಂಬಿಗೆ ಏರಿತು. ಯಾರು ಬರೆದದ್ದು ಇದು ಎಂದು ಮೇಡಂ ಕೇಳಿದರು. ಕುಲಕರ್ಣಿ ನೆಲ ನೋಡುತ್ತಾ, ಮುಚ್ಚಿದ್ದು ತಾನು, ಈಕೆ ಏನನ್ನೂ ಕದ್ದಿಲ್ಲ ಎಂದು ತೆಲುಗಿನಲ್ಲಿ ಗೊಣಗಿದರು.

"ವಿನಪಡಲೇದಂಡಿ" ಎಂದಳು ಹಿಂದಿನ ಸಾಲಿನಲ್ಲಿದ್ದ ಪದ್ಮಜಾ, ಕೇಳಿಸಲಿಲ್ಲ ಎಂದು. ಅವರು ಮತ್ತೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ. ಈ ಸಲ ಹದಿನೈದು ಮಂದಿಯೂ ನನ್ನ ಮುಖ ನೋಡಿದರು.

ದೂರು ನಿಂತಿತು, ನನ್ನ ಕೆಲಸ ಉಳಿಯಿತು. ಕುಲಕರ್ಣಿ ಅದೇ ತಿಂಗಳು ಕೆಲಸ ಬಿಟ್ಟರು. ಪಾಪ, ನಮ್ಮವರಾಗಿದ್ದರು, ಬಿಟ್ಟುಬಿಡಬಹುದಿತ್ತು ಎಂದು ಆಮೇಲೆ ಹೇಳಿದವರಿದ್ದಾರೆ. ಹಾಗೆ ಹೇಳಿದವರನ್ನು ಯಾರೂ ಕಳ್ಳಿ ಎಂದಿರಲಿಲ್ಲ. ಪೋರ್ಟ್ ತೆರೆದಿದೆಯೋ ಇಲ್ಲವೋ ಎಂಬುದನ್ನು ಒಳಗೆ ಕುಳಿತು ನಿರ್ಧರಿಸಬಾರದು, ಹೊರಗಿನಿಂದ ಬಡಿದು ನೋಡಬೇಕು ಎಂದು ಈ ಕೆಲಸ ಕಲಿಸಿತು, ಹೊಸಬರಿಗೆ ಇಂದಿಗೂ ಅದನ್ನೇ ಹೇಳುತ್ತೇನೆ. ಮಂದಿಯ ಮುಂದೆ ಹೋದ ಹೆಸರನ್ನು ಮಂದಿಯ ಮುಂದೆಯೇ ವಾಪಸು ತರಬೇಕು ಎಂಬುದನ್ನೂ ಅದೇ ಕಲಿಸಿತು.

ಒಂದೆರಡು ವರ್ಷಗಳ ನಂತರ ಕಾಚಿಗುಡದ ಒಂದು ಮದುವೆಯಲ್ಲಿ ಕುಲಕರ್ಣಿ ಎದುರಾದರು. ಸೊರಗಿದ್ದರು. ಸುತ್ತಲೂ ನಮ್ಮ ಕಡೆಯ ಜನವೇ. ಅವರು ತಡವರಿಸಿ ಹತ್ತಿರ ಬಂದು, "ಆರಾಮ ಅದೀರಿ?" ಎಂದು ಕೇಳಿದರು.

"ಬಾಗುನ್ನಾನಂಡಿ" ಎಂದೆ, ಚೆನ್ನಾಗಿದ್ದೇನೆ ಎಂದು. ತೆಲುಗಿನಲ್ಲಿ ಅಷ್ಟು ಉತ್ತರ ಕೊಟ್ಟು, ಊಟದ ಸಾಲಿನ ಕಡೆ ನಡೆದೆ.