ಜಹಾಂಗೀರ್ ಸಾಬರ ಒಂದು ಹಿಡಿ ಹಿಟ್ಟು

ಮದ್ದೂರಿನ ಮೆಕ್ಯಾನಿಕ್ ಜಹಾಂಗೀರ್ ಸಾಬರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೋಲ್ಟು ಸಡಿಲ ಬಿಟ್ಟು ಬಂದ ಡ್ರೈವರಿಗೂ ಬೈಗುಳ, ಅತಿಯಾಗಿ ಬಿಗಿದು ತಂದವನಿಗೂ ಬೈಗುಳ. ಆದರೂ ಮಳವಳ್ಳಿ, ಹಲಗೂರು ಕಡೆಯ ಗಾಡಿಗಳೆಲ್ಲ ಅವರ ತಗಡಿನ ಶೆಡ್ಡಿಗೇ ಬರುತ್ತಿದ್ದವು. ಇಪ್ಪತ್ತು ವರ್ಷದಲ್ಲಿ ಆ ಶೆಡ್ಡಿನಲ್ಲಿ ಯಾರದೂ ಒಂದು ನಟ್ಟು ಕೂಡ ಕಾಣೆಯಾಗಿಲ್ಲ ಎಂದು ಜನ ನಂಬಿದ್ದರು. ಸಾಬರ ಆಸ್ತಿ ಅಂತ ಇದ್ದದ್ದು ಆ ನಂಬಿಕೆಯೊಂದೇ.

ಅದಕ್ಕೇ ಕಲ್ಲು ಬಿತ್ತು. ನಲವತ್ಮೂರನೇ ಇಸವಿಯ ಬೇಸಿಗೆ. ಯುದ್ಧದ ಕಾಲ, ತಾಮ್ರಕ್ಕೆ ಚಿನ್ನದ ಬೆಲೆ. ಹಲಗೂರಿನ ಮರಿಸಿದ್ದಯ್ಯಗೌಡರಿಗೆ ಒಂದು ವ್ಯಾನಿತ್ತು, ಹಳೇ ಕಾರಿನ ಹಿಂಭಾಗ ಕತ್ತರಿಸಿ ಹಲಗೆ ಹೊಡೆಸಿದ್ದು. ಅದರಲ್ಲಿ ಬೆಲ್ಲ ಹೇರಿಸಿ ಮದ್ದೂರು ಸ್ಟೇಷನ್ನಿಗೆ ಕಳಿಸುತ್ತಿದ್ದರು. ಎಂಜಿನ್ನಿನ ನೀರು ತಣಿಸುವ ರೇಡಿಯೇಟರು ತೂತಾದಾಗ ಸಾಬರು ಬೆಸುಗೆ ಹಾಕಿ ಕೊಟ್ಟಿದ್ದರು. ತಿಂಗಳು ಕಳೆದಿರಲಿಲ್ಲ, ವ್ಯಾನು ಎರಡು ಮೈಲಿಗೊಮ್ಮೆ ಕುದಿದು ಹಬೆ ಎಬ್ಬಿಸಿ ನಿಲ್ಲತೊಡಗಿತು. ಗೌಡರು ಯೋಚಿಸಲಿಲ್ಲ, ವಿಚಾರಿಸಲಿಲ್ಲ, ಬಾಯಿ ಇದೆ ಅಂತ ಹರಿಯಬಿಟ್ಟರು. ಮದ್ದೂರು ಸಂತೆಯ ನಡುವೆ ನಿಂತು, ಸಾಬ ತಮ್ಮ ತಾಮ್ರದ ರೇಡಿಯೇಟರು ಮಾರಿಕೊಂಡು ಗುಜರಿ ಮಾಲು ಕೂರಿಸಿದ್ದಾನೆ, ಕಳ್ಳ ಎಂದು ಕೂಗಾಡಿದರು.

ಸಂತೆಗೆ ಹೋಗಿದ್ದ ಹೆಂಡತಿ ಆಮಿನಾ ಏನೂ ಕೊಳ್ಳದೆ ಬರಿಗೈಲಿ ವಾಪಸ್ಸು ಬಂದು, ಆ ಮಾತು ಹೇಳಿ ಅತ್ತಳು. ಸಾಬರಿಗೆ ಮೈಯೆಲ್ಲ ಉರಿದುಹೋಯಿತು. ಹಿಡಿದಿದ್ದ ಸ್ಪ್ಯಾನರನ್ನು ಮೂಲೆಗೆ ಎಸೆದರು. ವ್ಯಾನು ತನ್ನಿ, ನಿಮ್ಮ ಕಣ್ಣೆದುರೇ ಬಿಚ್ಚುತ್ತೇನೆ ಎಂದು ಗೌಡರಿಗೆ ಹೇಳಿಕಳಿಸಿದರು.

ಮಾರನೇ ದಿನ ಗೌಡರು ಬಂದು ಕಾಲ ಮೇಲೆ ಕಾಲು ಹಾಕಿ ಕೂತರು. ಅವರ ಡ್ರೈವರ್ ಸಿದ್ದರಾಮು ಮೂಲೆಯಲ್ಲಿ ನಿಂತ. ಸಾಬರು ನೀರು ನೋಡಿದರು, ಭರ್ತಿ ಇತ್ತು. ಫ್ಯಾನ್ ಬೆಲ್ಟು ಬಿಗಿಯಾಗಿತ್ತು, ರಬ್ಬರ್ ಪೈಪಿಗೂ ಏನೂ ಆಗಿರಲಿಲ್ಲ. ಎಂಜಿನ್ ಓಡಿಸಿ ರೇಡಿಯೇಟರಿನ ಮೇಲೆ ಅಂಗೈ ಆಡಿಸಿದರು. ಮೇಲ್ಗಡೆ ಸುಡುತ್ತಿತ್ತು, ಕೆಳಗಡೆ ತಣ್ಣಗಿತ್ತು. ಅಂದರೆ ಒಳಗೆ ಏನೋ ಕಟ್ಟಿಕೊಂಡು ನೀರು ಕೆಳಗಿಳಿಯುತ್ತಿಲ್ಲ.

ಎಂಜಿನ್ ಆರಿದ ಮೇಲೆ ರೇಡಿಯೇಟರು ಕಳಚಿದರು. ಹಿಂದೆ ಗೌಡರ ಎತ್ತೇ ಗುಮ್ಮಿ ಮಾಡಿದ್ದ ನೆಗ್ಗನ್ನು ಅವರ ಮೂಗಿನ ಹತ್ತಿರ ಹಿಡಿದು ತೋರಿಸಿದರು. ಅದೇ ರೇಡಿಯೇಟರು, ಅದೇ ತಾಮ್ರ. ಗೌಡರು ಕಾಲು ಕೆಳಗಿಳಿಸಿದರು. ಆಮೇಲೆ ಸಾಬರು ಮೇಲಿನ ಮುಚ್ಚಳದ ಬೆಸುಗೆ ಬಿಡಿಸಿದರೆ, ಕೊಳವೆಗಳ ಬಾಯಿಗೆಲ್ಲ ಬೆಂದ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಹುಳಿ ವಾಸನೆ ಶೆಡ್ಡು ತುಂಬಿತು.

ದಿನಾ ಅದಕ್ಕೆ ನೀರು ತುಂಬುವವನು ಡ್ರೈವರೇ. ಇಷ್ಟಕ್ಕೆ ತಮ್ಮ ಹೆಸರು ಹಾಳಾಯಿತಲ್ಲ ಎಂದು ಸಾಬರು ಸಿದ್ದರಾಮುವಿನ ಕೊರಳಪಟ್ಟಿ ಹಿಡಿದು ಬಾಯಿಗೆ ಬಂದಂತೆ ಬೈದರು. ಗೌಡರೂ ಎದ್ದು ಬಂದು, ಇವತ್ತಿಗೆ ನಿನ್ನ ಕೆಲಸ ಮುಗಿಯಿತು ಅಂದರು.

"ನೀವೇ ಏಳಿದ್ರಲ್ಲ ಸಾಬ್ರೆ," ಅಂದ ಸಿದ್ದರಾಮು. "ದಾರೀಲಿ ಸೋರಿದ್ರೆ ಒಂದಿಡಿ ರಾಗಿಟ್ಟು ಆಕು, ತೂತು ಮುಚ್ಕೊತದೆ ಅಂತ. ಸೋರೋದೇ ಬ್ಯಾಡ ಅಂತ ದಿನಾ ಆಕ್ತಿದ್ದೆ."

ಸಾಬರ ಕೈ ಸಡಿಲವಾಯಿತು. ಹೇಳಿದ್ದು ನಿಜ. ಶೆಡ್ಡು ತಲುಪಿದ ಕೂಡಲೇ ತೊಳೆಸಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಈಗ ಇಲ್ಲ ಅಂದುಬಿಟ್ಟರೆ ಡ್ರೈವರನ ಮಾತು ಯಾರು ನಂಬುತ್ತಾರೆ? ಒಂದು ಗಳಿಗೆ ಆ ಆಸೆ ಬಂದು ಹೋಯಿತು. ಬಂದದ್ದಕ್ಕೆ ತಮ್ಮ ಮೇಲೇ ಹೇಸಿಗೆಯಾಗಿ ಸಿಟ್ಟು ಇಮ್ಮಡಿಯಾಯಿತು.

"ನಾನೇ ಹೇಳಿದ್ದು ಗೌಡ್ರೆ. ಇವನ್ನ ಕೆಲಸದಿಂದ ತೆಗೀಬ್ಯಾಡಿ."

ಗೌಡರಿಗೆ ನಗು ಬಂತು. ಆದದ್ದು ಆಯಿತು, ಬೇಗ ಜೋಡಿಸಿಕೊಡಿ, ಬೆಲ್ಲ ಕಾಯುತ್ತಿದೆ ಅಂದರು.

"ಜೋಡ್ಸಲ್ಲ," ಅಂದರು ಸಾಬರು. "ನಾನು ದಡ್ಡ, ಒಪ್ಕೊತೀನಿ. ಕಳ್ಳ ಅಲ್ಲ. ಸಂತೇಲಿ ಅಂದ ಮಾತನ್ನ ಸಂತೇಲೇ ತಿದ್ದಿ. ಅಲ್ಲೀಗಂಟ ನಿಮ್ ತಾಮ್ರ ಇಲ್ಲೇ ಬಿದ್ದಿರ್ತದೆ."

ಗೌಡರು ರೇಗಿ ಮಂಡ್ಯದಿಂದ ಬೇರೆ ಮೆಕ್ಯಾನಿಕ್ಕನನ್ನು ಕರೆಸಿದರು. ಸಾಬರು ಬಿಚ್ಚಿದ ಗಾಡಿಗೆ ಕೈ ಹಾಕಲ್ಲ ಅಂತ ಅವನು ಬಂದ ದಾರಿ ಹಿಡಿದ. ಮುಂದಿನ ಸಂತೆಗೆ ಗೌಡರು ಬರಲೇಬೇಕಾಯಿತು. ತರಕಾರಿ ರಾಶಿಗಳ ನಡುವೆ ನಿಂತು, ನೆಲ ನೋಡುತ್ತ, ಸಾಬರು ಕದ್ದಿಲ್ಲ ಎಂದು ಮೀಸೆಯೊಳಗೇ ಗೊಣಗಿದರು. ಪಕ್ಕದ ಈರುಳ್ಳಿಯವಳಿಗೂ ಅದು ಕೇಳಿಸಲಿಲ್ಲ.

ಎದುರಿಗೇ ಇದ್ದ ಸಾಬರು ನಿಂತ ಜಾಗದಿಂದ ಅಲ್ಲಾಡಲಿಲ್ಲ.

"ಜೋರಾಗಿ ಹೇಳಿ ಗೌಡ್ರೆ," ಅಂದರು. "ನನ್ನ ಹೆಂಡ್ತಿ ಅಗೋ, ಆ ಕೊನೇಲಿ ನಿಂತವ್ಳೆ. ಆವತ್ತೂ ಅಲ್ಲೇ ನಿಂತಿದ್ಳು."