ಜಂಕ್ಷನ್‌ನಲ್ಲೇ ಇಳಿದ ವೀಲ್‌ಚೇರ್

ಗೆಳೆಯರೇ, ಇವತ್ತು ಮಧ್ಯಾಹ್ನ ವಾಮಂಜೂರಿನಲ್ಲಿ ಖಾಲಿ ವೀಲ್‌ಚೇರ್ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸು ನಾನೇ.

ಕಾಲು ಮುರಿದುಕೊಂಡ ಅಮ್ಮನಿಗಾಗಿ ಆನ್‌ಲೈನ್‌ನಲ್ಲಿ ತರಿಸಿದ್ದು. ಬೆಲೆ ಪೂರ್ತಿ ಮೊದಲೇ ಕಟ್ಟಿದ್ದೆ. ದೊಡ್ಡ ಸಾಮಾನನ್ನು ಮನೆ ಬಾಗಿಲಿಗೆ ತಲುಪಿಸಲು ಎಂದು ಆರುನೂರು ರೂಪಾಯಿ ಬೇರೆ ಕೊಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಡೆಲಿವರಿಯವನ ಫೋನ್ ಬಂತು.

"ನಿಮ್ಮ ಬಾಕ್ಸ್ ಜಂಕ್ಷನ್‌ನ ಅಂಗಡಿಯಲ್ಲಿ ಇಟ್ಟಿದ್ದೇನೆ ಮೇಡಂ. ನಿಮ್ಮ ಒಳರಸ್ತೆಗೆ ವ್ಯಾನ್ ಬರುವುದಿಲ್ಲ."

ನಾನು ಬಾಯಿ ತೆರೆಯುವುದರೊಳಗೆ ಫೋನ್ ಇಟ್ಟ. ಚಪ್ಪಲಿ ಹಾಕಿ ಹೊರಗೆ ಬಂದರೆ ಪಕ್ಕದ ಮನೆಯ ಗೇಟಿನ ಮುಂದೆ ಅವನದೇ ವ್ಯಾನ್ ನಿಂತಿದೆ. ಅವನ ಕೈಯಲ್ಲಿ ಪುಟ್ಟ ಪೊಟ್ಟಣ, ಆ ಮನೆಯ ಹುಡುಗಿ ತರಿಸಿದ ನೈಲ್ ಪಾಲಿಶ್.

"ಈಗ ವ್ಯಾನ್ ಹೇಗೆ ಬಂತು ಮಾರಾಯ್ರೆ?" ಎಂದು ಕೇಳಿದೆ.

"ಇವರದ್ದು ಕ್ಯಾಶ್ ಆನ್ ಡೆಲಿವರಿ ಮೇಡಂ. ಹಣ ತೆಗೊಳ್ಳಲಿಕ್ಕೆ ಉಂಟು, ಬರಲೇಬೇಕು. ನಿಮ್ಮದು ಪೇಮೆಂಟ್ ಆಗಿದೆಯಲ್ಲ."

"ಹಾಗಾದ್ರೆ ನಾನು ಕೊಟ್ಟ ಆರುನೂರು ಎಂತಕ್ಕೆ?"

"ಅದು ಕಂಪನಿಗೆ ಹೋಗುವುದು, ನಮಗಲ್ಲ."

"ವಾಪಸ್ ಹೋಗಿ ತನ್ನಿ."

"ಆಗುವುದಿಲ್ಲ ಮೇಡಂ, ನನಗೆ ಬಜಪೆಗೆ ಹೋಗಲಿಕ್ಕೆ ಉಂಟು."

ಹೋದ. ಜಂಕ್ಷನ್‌ವರೆಗೆ ನಾನೇ ನಡೆದೆ. ಆ ಬಾಕ್ಸ್ ನನ್ನಿಂದ ಎತ್ತಲಾಗಲಿಲ್ಲ. ಅಂಗಡಿಯಲ್ಲೇ ಬಿಚ್ಚಿ, ಎಲ್ಲರ ಕಣ್ಣೆದುರು ವೀಲ್‌ಚೇರ್ ತಳ್ಳಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಮೊಬೈಲಿಗೆ ಸಂದೇಶ ಬಂತು: "ನಿಮ್ಮ ಸಾಮಾನು ಮನೆ ಬಾಗಿಲಿಗೆ ತಲುಪಿದೆ. ನಮ್ಮ ಸೇವೆ ಹೇಗಿತ್ತು?"

ಇನ್ನು ಮುಂದೆ ಸೂಜಿ ತರಿಸಿದರೂ ಕ್ಯಾಶ್ ಆನ್ ಡೆಲಿವರಿಯೇ. ಹಣ ಬಾಕಿ ಇದ್ದರೆ ಮಾತ್ರ ಇವರಿಗೆ ನಮ್ಮ ರಸ್ತೆ ಕಾಣುವುದು.

ಮನೆಗೆ ಬಂದು ನಾನು ಮಾಡಿದ ಕೂಗಾಟವನ್ನೆಲ್ಲ ಕೇಳಿದ ಅಮ್ಮ ವೀಲ್‌ಚೇರ್ ಸವರುತ್ತ ಹೇಳಿದರು: "ಇದಕ್ಕೆ ಚಕ್ರ ಉಂಟಲ್ಲ, ತಾನೇ ಬರ್ತದೆ ಅಂತ ಬಿಟ್ಟು ಹೋಗಿರಬೇಕು."