ಅತ್ತೆ ಕೇಳಿದ ಒಂದು ವಾರ

ನಮ್ಮ ಅತ್ತೆಯ ಮೂಗಿನ ಎಡಹೊಳ್ಳೆಯಲ್ಲಿ ಮೂಗುಬೊಟ್ಟಿನ ಬದಲು ಬೇವಿನ ಕಡ್ಡಿಯ ಚೂರೊಂದು ಇರುತ್ತಿತ್ತು. ಬೊಟ್ಟು ಯಾವತ್ತೋ ಕಳೆದುಹೋಗಿತ್ತು; ತೂತು ಮುಚ್ಚದಿರಲಿ ಎಂದು ಕಡ್ಡಿ. ಅವರು ಹುಳುಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದರೆ ಅದು ಸಣ್ಣಗೆ ಅಲುಗುತ್ತಿತ್ತು. ರೇಷ್ಮೆಹುಳು ಮೇಯುತ್ತಿದೆಯೋ ಇಲ್ಲವೋ, ಎಲ್ಲಿ ತೇವ ಹೆಚ್ಚಾಗಿದೆ, ಎಲ್ಲ ಅವರಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. "ಆ ಮೂಲೇಲಿ ಏನೋ ಕೆಟ್ಟಿದೆ, ನೋಡ್ರಪ್ಪ" ಅಂದರೆ ಅಲ್ಲಿ ಕೆಟ್ಟೇ ಇರುತ್ತಿತ್ತು.

ನಾನು ಚಿಂತಾಮಣಿ ಪೇಟೆಯವಳು. ಕೆಂಚಾರ್ಲಹಳ್ಳಿಗೆ ಸೊಸೆಯಾಗಿ ಬಂದಾಗ ಹುಳು ಮುಟ್ಟಲು ಹೇಸುತ್ತಿದ್ದೆ. ಅತ್ತೆ ಬೈಯಲಿಲ್ಲ. ಒಂದು ಹುಳುವನ್ನು ನನ್ನ ಅಂಗೈಯಲ್ಲಿ ಬಿಟ್ಟು, ಅದು ತಣ್ಣಗಿದೆ ಎಂದು ನಾನೇ ಹೇಳುವ ತನಕ ಎದುರಿಗೆ ಕೂತಿದ್ದರು. ಅವರು ಕಲಿಸುತ್ತಿದ್ದದ್ದೇ ಹಾಗೆ, ಸುಮ್ಮನೆ ಕಾದು.

ಇಲಿಗಳ ಕಾಟಕ್ಕೆ ಮನೆಯಲ್ಲಿ ಮೂರು ಬೆಕ್ಕುಗಳಿದ್ದವು. ಹಳೆಯದು ಬೂದು ಪಟ್ಟೆಯದು. ಅತ್ತೆಯ ತವರು ಆಂಧ್ರದ ಗಡಿಯಾಚೆ. ಬೆಕ್ಕಿನ ಜೊತೆ ಅವರದು ತೆಲುಗೇ. ಅದನ್ನು ಮುಸಲಮ್ಮ, ಅಂದರೆ ಮುದುಕಿ, ಎಂದು ಕರೆಯುತ್ತಿದ್ದರು. ಉಳಿದೆರಡು ಪ್ರಾಯದ ಗಂಡುಬೆಕ್ಕುಗಳು. ಬೀದಿನಾಯಿಗಳು ಮೊದಲಿದ್ದ ನಾಲ್ಕನೆಯದೊಂದನ್ನು ಕೊಂದ ಮೇಲೆ ಇವನ್ನು ಹೊರಗೆ ಬಿಡುತ್ತಿರಲಿಲ್ಲ. ಸೊಪ್ಪಿನ ಕೋಣೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿಟ್ಟಿದ್ದೆವು.

ಒಂದು ಬೆಳೆಯ ಕೊನೆಯಲ್ಲಿ, ಹುಳುಗಳು ದಪ್ಪವಾಗಿ ಹೊತ್ತುಹೊತ್ತಿಗೂ ಮೇವು ಬೇಡುವಾಗ, ಮುಸಲಮ್ಮ ಟಬ್ಬು ಬಿಟ್ಟು ಹಿಪ್ಪುನೇರಳೆ ಸೊಪ್ಪಿನ ಮೇಲೆ ಉಚ್ಚೆ ಹೊಯ್ಯತೊಡಗಿತು. ಅಂಥ ಸೊಪ್ಪು ಹಾಕಿದರೆ ಹುಳು ಉಳಿಯುವುದಿಲ್ಲ. ಎರಡು ದಿನದ ಮೇವು ತಿಪ್ಪೆಗೆ ಹೋಯಿತು. ನಮ್ಮ ಯಜಮಾನರು ಮುಸಲಮ್ಮನನ್ನು ಚೀಲದಲ್ಲಿ ಕಟ್ಟಿ ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಬಿಟ್ಟುಬರುತ್ತೇನೆಂದರು. ಬೇಡವಾದ ಬೆಕ್ಕಿಗೆ ನಮ್ಮ ಕಡೆ ಮಾಡುವುದೇ ಅದು. ಚೀಲ ಹುಡುಕಿ ಕೊಟ್ಟವಳು ನಾನು.

ಅತ್ತೆ ಆ ಚೀಲ ಇಸಿದುಕೊಂಡು ಮಡಿಸಿ ಅದರ ಮೇಲೆ ಕೂತುಬಿಟ್ಟರು. "ಒಂದು ವಾರ ಟೈಮ್ ಕೊಡ್ರಪ್ಪ. ವಯಸ್ಸಾದೋವು ಬೇಕೂಂತ ಮಾಡಲ್ಲ. ಎಲ್ಲೋ ಏನೋ ಕಷ್ಟ ಆಗ್ತಿರುತ್ತೆ, ಹೇಳಕ್ಕೆ ಬಾಯಿಲ್ಲ."

ಮರುದಿನ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನೂ ಹೋದೆ. ಎಮ್ಮೆ ಹಿಡಿದು ನಿಂತಿದ್ದವನೊಬ್ಬ, "ಏನಜ್ಜಿ, ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ?" ಅಂದ. "ನಿನ್ನೆಮ್ಮೆ ಇಲಿ ಹಿಡಿಯುತ್ತೇನಪ್ಪ?" ಅಂದರು ಅತ್ತೆ. ಡಾಕ್ಟರು ಒತ್ತಿ ನೋಡಿ, ಹಿಂಗಾಲಿನ ಕೀಲು ಸವೆದಿದೆ ಎಂದು ಔಷಧಿ ಬರೆದುಕೊಟ್ಟರು.

ಆಮೇಲೆ ಅತ್ತೆ ಸೊಪ್ಪಿನ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಾ ಇಡೀ ದಿನ ಕೂತರು. ಸಂಜೆ ನನ್ನನ್ನೂ ಕರೆದು ಕೂರಿಸಿಕೊಂಡರು. ಮುಸಲಮ್ಮ ಟಬ್ಬಿನ ಹತ್ತಿರ ಬಂತು. ಅಂಚಿನ ಮೇಲೆ ಒಂದು ಕಾಲೆತ್ತಿ ಇಟ್ಟಿತು, ಮತ್ತೆ ಕೆಳಗಿಳಿಸಿತು. ಇನ್ನೊಂದು ಸಲ ಎತ್ತಿತು. ಅಷ್ಟರಲ್ಲಿ ಬಾಗಿಲ ಮರೆಯಲ್ಲಿ ಹೊಂಚುಹಾಕಿದ್ದ ಗಂಡುಬೆಕ್ಕೊಂದು ಅದರ ಮೇಲೆ ಹಾರಿತು. ಮುಸಲಮ್ಮ ಸೊಪ್ಪಿನ ರಾಶಿಗೆ ಓಡಿತು.

ಅತ್ತೆ ಬಗ್ಗಿ ಟಬ್ಬಿನ ಮರಳನ್ನು ಮೂಸಿದರು. "ಇದಕ್ಕೂ ಬ್ಲೀಚಿಂಗ್ ಹಾಕಿದ್ದೀಯೇನಮ್ಮ?"

ಹಾಕಿದ್ದೆ. ಹುಳುಮನೆಯಲ್ಲಿ ಗೋಡೆ, ನೆಲ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ನೀರೇ. ಮೂಗಿಗೆ ಘಾಟು ಹೊಡೆದರೇ ಶುದ್ಧ ಎಂದು ಕಲಿತಿದ್ದೆ. ಬೆಕ್ಕು ಸೊಪ್ಪಿನ ಮೇಲೆ ಹೊಯ್ಯತೊಡಗಿದ ಮೇಲಂತೂ ಟಬ್ಬನ್ನು ದಿನಕ್ಕೆರಡು ಸಲ ತೊಳೆಯುತ್ತಿದ್ದೆ.

"ನಮ್ ಮೂಗಿಗೇ ಹಿಂಗೆ ಹೊಡೆಯುತ್ತೆ. ಅದರ ಮೂಗು ನೆಲದಲ್ಲೇ ಇರುತ್ತಲ್ಲಮ್ಮ" ಅಂದರು. ಅಷ್ಟೇ.

ಹುಳು ಸಾಕುವ ತಟ್ಟೆಗಳ ಅಂಚು ಎರಡು ಬೆರಳಿನಷ್ಟು ಎತ್ತರ. ಹಳೆಯವು ಮೂರನ್ನು ಬರಿನೀರಿನಲ್ಲಿ ತೊಳೆದು ಜರಡಿ ಹಿಡಿದ ಮರಳು ತುಂಬಿದರು. ಎರಡನ್ನು ಬೇರೆ ಬೇರೆ ಕಡೆ ಇಟ್ಟರು. ಮೂರನೆಯದನ್ನು ತಮ್ಮ ಮಂಚದ ಪಕ್ಕ, ಗಂಡುಬೆಕ್ಕು ಬಂದರೆ ತಪ್ಪಿಸಿಕೊಳ್ಳಲು ಎರಡೂ ಕಡೆ ದಾರಿ ಇರುವಂತೆ. ವಾರ ಮುಗಿಯುವ ಮೊದಲೇ ಸೊಪ್ಪಿನ ಮೇಲೆ ಉಚ್ಚೆ ಬೀಳುವುದು ನಿಂತಿತು. ಮುಸಲಮ್ಮ ಇನ್ನೂ ಎರಡು ವರ್ಷ ಬದುಕಿ, ಅತ್ತೆಯ ಕಾಲಬುಡದಲ್ಲಿ ಮಲಗಿದ್ದಲ್ಲೇ ಹೋಯಿತು.

ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಕಳೆದ ಚಳಿಗಾಲದಲ್ಲಿ ಅತ್ತೆಯ ಕೋಣೆಯಿಂದ ವಾಸನೆ ಬಂದಾಗ ನನಗೆ ನೆನಪಾದದ್ದು ಬ್ಲೀಚಿಂಗ್ ಪೌಡರ್. ಮಂಚದಡಿ ಒದ್ದೆ ಸೀರೆಯೊಂದು ಸುತ್ತಿ ಅಡಗಿಸಿಟ್ಟದ್ದು ಸಿಕ್ಕಿತು. "ಒಂದು ಮಾತು ಹೇಳಬಾರದಾ ಅತ್ತೆ? ಚಿಕ್ಕ ಮಗೂನಾ ನೀವು?" ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಊರಿನ ಯಾವ ಹುಳುಮನೆಯ ವಾಸನೆಯನ್ನಾದರೂ ಹೇಳುತ್ತಿದ್ದ ಮೂಗಿಗೆ ತನ್ನ ಹಾಸಿಗೆಯದು ತಿಳಿಯದೇ ಇತ್ತೇ? ನಾನು ದಿನವೂ ನೆಲ ತೊಳೆದೆ. ಬೆಳಿಗ್ಗೆ ಇಟ್ಟ ಚೊಂಬಿನ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಅದನ್ನು ನಾನು ಚೆಲ್ಲಿ ಬೇರೆ ನೀರು ತುಂಬುತ್ತಿದ್ದೆ, ಯಾಕೆ ಎಂದು ಯೋಚಿಸದೆ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಲ ಕಕ್ಕಸಿನ ಹತ್ತಿರ ಬಂದರು. ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ಇಟ್ಟರು. ಮತ್ತೆ ಕೆಳಗಿಳಿಸಿದರು. ಇನ್ನೊಂದು ಸಲ ಎತ್ತಿದರು. ನಾನು ನೋಡುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹಿಂದಿರುಗಿದರು.

ಅವತ್ತೇ ಚಿಂತಾಮಣಿಯಿಂದ ಕಮೋಡಿನ ಕುರ್ಚಿ ತರಿಸಿ, ಹಿಂದೆ ಮರಳಿನ ತಟ್ಟೆ ಇದ್ದ ಜಾಗದಲ್ಲೇ, ಅವರ ಮಂಚದ ಪಕ್ಕ ಇಟ್ಟೆ. ಅತ್ತೆ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು.

"ನನ್ನನ್ನ ಯಾವ ಮಾರ್ಕೆಟ್ಟಲ್ಲಿ ಬಿಡ್ತೀಯೋ ಅಂತಿದ್ದೆ ಕಣಮ್ಮ" ಅಂದು ನಕ್ಕರು. ನನಗೆ ನಗಲು ಆಗಲಿಲ್ಲ. ನೀರು ಕೊಟ್ಟೆ. ಚೊಂಬು ಪೂರ್ತಿ ಕುಡಿದರು.

ಆಮೇಲೆ ಮೂರು ತಿಂಗಳಿದ್ದರು. ಕಿಡ್ನಿ ಮೊದಲೇ ಸೋತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆ ಹದಿನೈದು ದಿನ ನೀರು ಕುಡಿದಿದ್ದರೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ನನ್ನ ಕೈ ಮುಟ್ಟಿದರು.

ಹನ್ನೊಂದನೆಯ ದಿನ ಮುಗಿದ ಮೇಲೆ ಅವರ ಕೋಣೆ ತೊಳೆಯಬೇಕಾಯಿತು. ವಾರಗಿತ್ತಿ ಬ್ಲೀಚಿಂಗ್ ಪೌಡರಿನ ಚೀಲ ತಂದು ಬಾಗಿಲಲ್ಲಿಟ್ಟು, ಒಂದು ಹಿಡಿ ಹಾಕಕ್ಕ, ವಾಸನೆ ಪೂರ್ತಿ ಹೋಗುತ್ತೆ ಎಂದಳು. ನಾನು ಚೀಲದ ಬಾಯಿ ಬಿಗಿಯಾಗಿ ಕಟ್ಟಿ ಹುಳುಮನೆಗೆ ವಾಪಸು ಕಳಿಸಿದೆ. ಬರಿನೀರಿನಲ್ಲಿ ನೆಲ ತೊಳೆದು, ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದೆ. ಅತ್ತೆಯ ವಾಸನೆ ಇನ್ನೂ ಇತ್ತು.